ಪಂಢರಿನಾಥನ ಪಾಳಿ

ಕುಂದಗೋಳದ ಪಂಢರಿನಾಥ ಆಲಸಿ ಮನುಷ್ಯ ಎಂಬ ಮಾತು ಅವನ ಮದುವೆಗೆ ಮೊದಲೇ ಊರೆಲ್ಲ ಹಬ್ಬಿತ್ತು. ಅದು ಪೂರಾ ಸುಳ್ಳಲ್ಲ, ಪೂರಾ ಖರೆಯೂ ಅಲ್ಲ. ದಿನಾ ಮಾಡಬೇಕಾದ ಒಂದು ಸಣ್ಣ ಕೆಲಸವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ತಿಂಗಳುಗಟ್ಟಲೆ ಬೆವರು ಸುರಿಸುವ ಜಾತಿ ಅವನದು. ಹುಡುಗನಿದ್ದಾಗ ಮುಂಜಾನೆ ಬಾವಿಯಿಂದ ಒಂದು ಕೊಡ ನೀರು ಸೇದಿ ತುಳಸಿಕಟ್ಟೆಗೆ ಹಾಕುವ ಕೆಲಸ ಅವನ ಪಾಲಿಗೆ ಬಂದಿತ್ತು. ಅದು ತಪ್ಪಲೆಂದು ಬೇಸಿಗೆ ಸೂಟಿಯ ತುಂಬ ಹಿತ್ತಲಲ್ಲಿ ನೆಲ ಅಗೆದು, ಒಡೆದ ಹಂಚು ಜೋಡಿಸಿ, ಬಚ್ಚಲಿನಿಂದ ತುಳಸಿಕಟ್ಟೆಯ ತನಕ ಕಾಲುವೆ ಮಾಡಿದ. ನೀರು ತಾನಾಗಿ ಹರಿದು ಬಂತು. ಮೈ ತೊಳೆದ ನೀರು ತುಳಸಿಗೆ ಬಂತೆಂದು ಅವನ ಅಜ್ಜಿ ಹಾಹಾಕಾರ ಎಬ್ಬಿಸಿದಳು. ಕಾಲುವೆ ಮುಚ್ಚಿಸಿ, ಗಿಡ ಕೀಳಿಸಿ, ಹೊಸ ತುಳಸಿ ನೆಡಿಸಿದಳು. ಪ್ರಾಯಶ್ಚಿತ್ತಕ್ಕೆಂದು ಒಂದು ಕೊಡದ ಜಾಗದಲ್ಲಿ ಐದು ಕೊಡ ಸೇದಿಸಿದಳು. ಪಂಢರಿನಾಥ ಇದರಿಂದ ಕಲಿತದ್ದೇನೂ ಇಲ್ಲ.

ಮುಂದೆ ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಮುಗಿಸಿ, ಸಂಶಿಯಿಂದ ಕುಬಿಹಾಳಕ್ಕೆ ಹೋಗುವ ದಾರಿಯ ಬಾಜು ಇದ್ದ ಹತ್ತಿ ಫಾರ್ಮಿನಲ್ಲಿ ಲೆಕ್ಕದ ಸಹಾಯಕನಾಗಿ ಸೇರಿದ. ಅಲ್ಲಿ ಎರೆಹೊಲವನ್ನು ಚೌಕ ಚೌಕ ಮಾಡಿ ಒಂದೊಂದರಲ್ಲಿ ಒಂದೊಂದು ತಳಿಯ ಹತ್ತಿ ಬಿತ್ತುತ್ತಿದ್ದರು. ಯಾವ ತಳಿ ತನ್ನ ಗುಣದಿಂದ ಹೆಚ್ಚು ಬಂತು, ಯಾವುದು ಬರೀ ನೆಲದ ಪುಣ್ಯದಿಂದ ಹೆಚ್ಚು ಬಂತು ಎಂದು ಲೆಕ್ಕ ಹಾಕಿ ಹೇಳುವುದು ಅವನ ಕೆಲಸ. ಹಿಡಿಕೆ ತಿರುವುವ ಒಂದು ಕಬ್ಬಿಣದ ಯಂತ್ರದ ಮೇಲೆ ಅದನ್ನು ಮಾಡಿ ಮುಗಿಸುವಷ್ಟರಲ್ಲಿ ಚಳಿಗಾಲ ಕಳೆದು ಯುಗಾದಿ ಬರುತ್ತಿತ್ತು. ಫಾರ್ಮಿನ ಮುಖ್ಯಸ್ಥರು ಶಂಕ್ರಪ್ಪನವರು, ನವಲಗುಂದದ ಕಡೆಯ ದೊಡ್ಡ ಒಕ್ಕಲುತನದ ಮನೆಯವರು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಹೊಲದಲ್ಲಿ ಒಂದು ಸುತ್ತು ಹಾಕಿ ಬಂದು, “ಮೂಡಲ ಬದುವಿನ ತಳಿ ಚಲೋ ಐತಿ” ಎಂದುಬಿಡುತ್ತಿದ್ದರು. ಅರ್ಧ ಸಲ ಪಂಢರಿನಾಥನ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಉಳಿದರ್ಧ ಸಲ ಲೆಕ್ಕ ತಪ್ಪಾಗಿದೆ ಎಂದು ಶಂಕ್ರಪ್ಪನವರು ಹೇಳುತ್ತಿದ್ದರು.

ಎಂಬತ್ತೇಳರಲ್ಲಿ ಯಾವುದೋ ಯೋಜನೆಯಡಿ ಫಾರ್ಮಿಗೆ ಕಂಪ್ಯೂಟರ್ ಬಂತು. ರಾಜ್ಯದ ಅಲ್ಲಲ್ಲಿನ ಫಾರ್ಮುಗಳಿಗೆಲ್ಲ ಒಂದೊಂದು ಕೊಟ್ಟಿದ್ದರು. ಹುಬ್ಬಳ್ಳಿಯ ತನಕ ಬೇರೆ ತಂತಿ ಎಳೆದು, ಅಲ್ಲಿಂದ ಬೆಂಗಳೂರಿಗೆ ಜೋಡಿಸಿದ್ದರು. ಮೇಜಿನ ಮೇಲೆ ಕೂತ ಪೆಟ್ಟಿಗೆಯನ್ನು ಶಂಕ್ರಪ್ಪನವರು ಹೊಸ ಎತ್ತು ನೋಡುವ ಹಾಗೆ ಸುತ್ತ ತಿರುಗಿ ನೋಡಿದರು.

“ಇದು ಏನ್ ಮಾಡತೈತಪಾ ಪಂಢರಿನಾಥ?”

“ಇದು ಏನೂ ಮಾಡೂದಿಲ್ರಿ ಸಾಹೇಬ್ರ. ಲೆಕ್ಕಾ ಎಲ್ಲಾ ಮಾಡೂದು ಬೆಂಗಳೂರಾಗಿನ ದೊಡ್ಡ ಕಂಪ್ಯೂಟರು. ಇದು ಬರೇ ಕೊಟ್ಟು ಬರೂದು, ಇಸಗೊಂಡು ಬರೂದು.”

“ಹಂಗಾರ ನಿನ್ನಂಗ ಅನ್ನು.”

ಮಾತು ಸರಿಯಾಗಿಯೇ ಇತ್ತು. ಬೆಂಗಳೂರಿನ ಆ ದೊಡ್ಡ ಯಂತ್ರಕ್ಕೆ ಮೇನ್‌ಫ್ರೇಮ್ ಎನ್ನುತ್ತಿದ್ದರು. ಅದರ ವ್ಯವಹಾರ ಸಂಶಿಯ ಹಿಟ್ಟಿನ ಗಿರಣಿಯ ವ್ಯವಹಾರದ ಹಾಗೆಯೇ. ಅಂಕಿಗಳನ್ನೂ ಮಾಡಬೇಕಾದ ಲೆಕ್ಕದ ವಿವರವನ್ನೂ ಒಂದು ಗಂಟು ಕಟ್ಟಿ ತಂತಿಯ ಮೇಲೆ ಕಳಿಸಬೇಕು. ಆ ಗಂಟಿಗೆ ಜಾಬ್ ಎಂದು ಹೆಸರು. ಯಂತ್ರ ಅದನ್ನು ಇಸಿದುಕೊಂಡು ಒಂದು ನಂಬರು ಹೇಳಿ ಪಾಳಿಗೆ ಹಚ್ಚುತ್ತದೆ. ಆ ನಂಬರು ಹಿಡಿದು ನಡುನಡುವೆ ಕೇಳುತ್ತಿರಬೇಕು: ನನ್ನ ಪಾಳಿ ಬಂತೋ ಇಲ್ಲವೋ? ಬಂದು ಮುಗಿದರೆ ಉತ್ತರ ತರಿಸಿಕೊಂಡು ಕಾಗದದ ಮೇಲೆ ಅಚ್ಚು ಹಾಕಿಸಬೇಕು. ಕಡೆಗೆ, ನನ್ನದು ಮುಗಿಯಿತು, ಅಳಿಸಿಬಿಡು ಎಂದು ಹೇಳಿ ಜಾಗ ತೆರವು ಮಾಡಬೇಕು. ಇದಿಷ್ಟನ್ನೂ ಬೆರಳಿನಿಂದ ಕುಟ್ಟಿ ಕುಟ್ಟಿ ಹೇಳಬೇಕು. ನಡುವೆ ತಂತಿ ಕಡಿದರೆ ಮೊದಲಿನಿಂದ ಶುರು. ತಂತಿಯೋ, ಹೊಲದ ಮೇಲೆ ಗಾಳಿ ಬೀಸಿದರೆ ಕಡಿಯುತ್ತಿತ್ತು, ಬೀಸದಿದ್ದರೂ ಕಡಿಯುತ್ತಿತ್ತು.

ಪಂಢರಿನಾಥನಿಗೆ ಲೆಕ್ಕ ಬೇಸರವಲ್ಲ, ಕಾಯುವುದು ಬೇಸರ. ಮಧ್ಯಾಹ್ನ ಹೆಂಡತಿ ಮಥುರಾಬಾಯಿ ಕಟ್ಟಿಕೊಟ್ಟ ಬುತ್ತಿ ಉಂಡಾದ ಮೇಲೆ ಬೇವಿನ ಗಿಡದ ಕೆಳಗೆ ಸ್ವಲ್ಪ ಅಡ್ಡಾಗುವುದು ಅವನ ನೇಮ. ಮೇನ್‌ಫ್ರೇಮ್ ಆ ನೇಮಕ್ಕೇ ಕಲ್ಲು ಹಾಕಿತು. ಕಣ್ಣು ಎಳೆಯುತ್ತಿದ್ದರೂ ಹಸಿರು ಅಕ್ಷರದ ಪರದೆ ನೋಡುತ್ತ, ‘ಪಾಳಿ ಬಂತೇ?’ ಎಂದು ಕೇಳುತ್ತ, ‘ಇನ್ನೂ ಇಲ್ಲ’ ಎಂದು ಅನ್ನಿಸಿಕೊಳ್ಳುತ್ತ ಕೂಡಬೇಕಾಯಿತು.

ಹೀಗಾಗಿ ಆ ಮಳೆಗಾಲದಲ್ಲಿ ಅವನು ತುಳಸಿಯ ಕಾಲುವೆಯನ್ನು ತೋಡಿದಷ್ಟೇ ಶ್ರದ್ಧೆಯಿಂದ ಒಂದು ಪ್ರೋಗ್ರಾಮು ಬರೆಯಲು ಕೂತ. ಮೊದಲು ನಾಲ್ಕು ಚಿಕ್ಕ ಪ್ರೋಗ್ರಾಮು ಮಾಡಿದ. ಒಂದು ಜಾಬ್ ಕೊಡುವುದು, ಒಂದು ಕೇಳುವುದು, ಒಂದು ಉತ್ತರ ತರುವುದು, ಒಂದು ಅಳಿಸುವುದು. ಅವುಗಳ ಮೇಲೆ ಇನ್ನೊಂದನ್ನು ಮೇಸ್ತ್ರಿಯ ಹಾಗೆ ಕೂಡಿಸಿದ. ಮುಂಜಾನೆ ಅಂಕಿಗಳನ್ನು ತುಂಬಿಕೊಟ್ಟರೆ ಸಾಕು. ಮೇಸ್ತ್ರಿ ತಾನೇ ಜಾಬ್ ಕೊಟ್ಟು, ತಾನೇ ಕೇಳಿ, ತಾನೇ ತಂದು ಅಚ್ಚು ಹಾಕಿ ಇಡುತ್ತಿತ್ತು. ತಂತಿ ಕಡಿದರೆ ತಾನೇ ಜೋಡಿಸಿಕೊಂಡು ಮತ್ತೆ ಶುರು ಮಾಡುತ್ತಿತ್ತು. ಮನುಷ್ಯನಾದರೆ ಬೈದುಕೊಂಡು ಮಾಡುವ ಕೆಲಸವನ್ನು ಅದು ಬೈಯದೆ ಮಾಡುತ್ತಿತ್ತು.

ಇದನ್ನು ಅವನು ಮೊದಲು ಹೇಳಿದ್ದು ವೆಂಕಣ್ಣನಿಗೆ. ವೆಂಕಣ್ಣ ಅವನ ಕಾಲೇಜಿನ ಜೊತೆಗಾರ, ಕಲಘಟಗಿಯ ಭತ್ತದ ಫಾರ್ಮಿನಲ್ಲಿ ಇದೇ ಹುದ್ದೆಯಲ್ಲಿದ್ದ. ಸ್ವಭಾವದಲ್ಲಿ ಮಾತ್ರ ಬೇರೆ ಬಳ್ಳಿಯ ಕಾಯಿ. ಫಾರ್ಮಿನ ಬಾಗಿಲು ತೆಗೆಯುವವನಿಗಿಂತ ಮೊದಲು ಬಂದು ಹೊರಗೆ ನಿಂತಿರುತ್ತಿದ್ದ. ಹುಬ್ಬಳ್ಳಿಯಲ್ಲಿ ಒಂದು ಮೀಟಿಂಗು ಮುಗಿಸಿ ಚಹಾದ ಅಂಗಡಿಯಲ್ಲಿ ಕೂತಾಗ ಪಂಢರಿನಾಥ ತನ್ನ ಪ್ರೋಗ್ರಾಮನ್ನು ಅವನಿಗೂ ಕೊಡುತ್ತೇನೆಂದ.

“ಬ್ಯಾಡೋ ಮಾರಾಯಾ,” ಎಂದ ವೆಂಕಣ್ಣ. “ಕಾಯೂದೂ ಕೆಲಸನೇ. ಪಗಾರ ಅದಕ್ಕೂ ಕೊಡ್ತಾರ.”

“ಲೇ, ನಿನ್ನ ಬದ್ಲಿ ಅದು ಕಾಯ್ತದ. ನೀ ಅಷ್ಟೊತ್ತು ಬ್ಯಾರೆ ಏನರೆ ಮಾಡು.”

“ನೀ ಏನ್ ಮಾಡ್ತಿ ಅಷ್ಟೊತ್ತು?”

ಪಂಢರಿನಾಥ ಚಹಾ ಕುಡಿದ.

ಮಧ್ಯಾಹ್ನದ ನಿದ್ದೆ ಮರಳಿ ಬಂತು. ಬೇವಿನ ಕೆಳಗೆ ಅವನು, ಒಳಗೆ ಮೇಸ್ತ್ರಿ. ಹತ್ತಿ ಬಿಡಿಸಲು ಬರುತ್ತಿದ್ದ ಹೆಣ್ಣುಮಕ್ಕಳ ಹಿರಿಯಳು ಮಲಿಕಾಬಿ, “ಏನ್ ಪುಣ್ಯಾ ಮಾಡೀರಿ ಅಣ್ಣಾವ್ರ, ನಿಮಗ ಹುಳಾನೂ ಕಡ್ಯಾಂಗಿಲ್ಲ” ಎಂದು ನಗುತ್ತ ಹೋಗುತ್ತಿದ್ದಳು. ಲೆಕ್ಕಗಳೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಹೀಗೆ ಒಂದು ಹಂಗಾಮು ಕಳೆಯಿತು.

ಹಂಗಾಮು ಮುಗಿಯುವ ಹೊತ್ತಿಗೆ ಎರಡು ಸುದ್ದಿ ಬಂದವು. ಒಂದು ಬೆಂಗಳೂರಿನಿಂದ. ಮೇನ್‌ಫ್ರೇಮನ್ನು ಯಾವ ಫಾರ್ಮು ಎಷ್ಟು ಬಳಸಿತು ಎಂದು ನೋಡಲಾಗಿ, ಸಂಶಿಯ ಫಾರ್ಮಿನಷ್ಟು ದುಡಿದವರು ರಾಜ್ಯದಲ್ಲಿ ಯಾರೂ ಇಲ್ಲ, ಉಳಿದವರನ್ನೆಲ್ಲ ಕೂಡಿಸಿದರೂ ಅದರ ಸಮಕ್ಕೆ ಬರುವುದಿಲ್ಲ ಎಂದು ಮೇಲಿನವರು ಶಂಕ್ರಪ್ಪನವರಿಗೆ ಫೋನು ಮಾಡಿ ಹೊಗಳಿದರು. ಇಂಥ ಫಾರ್ಮನ್ನು ನೋಡಲು ಒಂದು ಕಮಿಟಿ ಬರುವುದಿತ್ತು. ಶಂಕ್ರಪ್ಪನವರು ವರ್ಷಗಳಿಂದ ಬೇಡುತ್ತಿದ್ದ ಜೀಪಿನ ಮಾತನ್ನೂ ಅವರೇ ತೆಗೆದರು.

ಇನ್ನೊಂದು ಸುದ್ದಿ ಕಲಘಟಗಿಯದು. ವೆಂಕಣ್ಣ ವರ್ಷಗಟ್ಟಲೆ ಮುತುವರ್ಜಿಯಿಂದ ಅಂಕಿ ಕೂಡಿಸಿದ ಒಂದು ಭತ್ತದ ತಳಿ ಆ ವರ್ಷ ರೈತರಿಗೆ ಬಿಡುಗಡೆಯಾಗುವುದಿತ್ತು. ಕಡೆಯ ಲೆಕ್ಕಕ್ಕೆಂದು ಅವನು ಜಾಬ್ ಕಳಿಸಿದ. ಅದು ಪಾಳಿಯಲ್ಲೇ ನಿಂತಿತು. ಅವನು ದಿನವೂ ಕೇಳಿದ, ದಿನವೂ ‘ಇನ್ನೂ ಇಲ್ಲ’ ಎಂಬ ಉತ್ತರವೇ ಬಂತು. ಬಿಡುಗಡೆಯ ಸಭೆ ಮುಗಿದುಹೋದ ಮೇಲೆ ಪಾಳಿ ಬಂತು. ಹೊತ್ತಿಗೆ ಸರಿಯಾಗಿ ಕೆಲಸ ಮಾಡಲಿಲ್ಲವೆಂದು ಅವನಿಗೆ ಮೆಮೊ ಕೊಟ್ಟರು. ಸಂಶಿಯವರನ್ನು ನೋಡಿ ಕಲಿಯಿರಿ ಎಂದೂ ಅದರಲ್ಲಿ ಬರೆದಿದ್ದರು.

ಪಂಢರಿನಾಥನಿಗೆ ಮೊದಲ ಸುದ್ದಿ ಕೇಳಿಯೇ ಅನುಮಾನ ಬಂದಿತ್ತು. ತಾನು ದುಡಿಯುವುದು ಎಷ್ಟೆಂದು ಅವನಿಗೆ ಗೊತ್ತಿತ್ತು. ಮೆಮೊದ ಸುದ್ದಿ ಬಂದ ಮೇಲೆ ಕೂತು, ತನ್ನ ಹೆಸರಿನಲ್ಲಿ ಬಂದ ಜಾಬುಗಳನ್ನೆಲ್ಲ ತೋರಿಸು ಎಂದು ದೊಡ್ಡ ಯಂತ್ರಕ್ಕೆ ಹೇಳಿದ. ಪರದೆ ಮೇಲಿಂದ ಕೆಳಗೆ ಹರಿಯಲು ಶುರುವಾಯಿತು, ನಿಲ್ಲಲೇ ಇಲ್ಲ. ಅದೇ ಹತ್ತಿ, ಅದೇ ಚೌಕ, ಅದೇ ಲೆಕ್ಕ. ನಂಬರು ಮಾತ್ರ ಬೇರೆ ಬೇರೆ.

ಆದದ್ದು ಇಷ್ಟು. ಜಾಬ್ ಬೆಂಗಳೂರು ಮುಟ್ಟುತ್ತಿತ್ತು, ಯಂತ್ರ ಅದನ್ನು ಪಾಳಿಗೆ ಹಚ್ಚುತ್ತಿತ್ತು, ನಂಬರು ತಿರುಗಿ ಬರುವಷ್ಟರಲ್ಲಿ ತಂತಿ ಕಡಿಯುತ್ತಿತ್ತು. ನಂಬರು ಸಿಗದ ಮೇಸ್ತ್ರಿ, ಕೊಟ್ಟದ್ದು ಮುಟ್ಟಲಿಲ್ಲ ಎಂದು ತಿಳಿದು ಮತ್ತೆ ಕೊಡುತ್ತಿತ್ತು. ಮತ್ತೆ ಕಡಿದರೆ ಮತ್ತೆ ಕೊಡುತ್ತಿತ್ತು. ಕಡೆಗೆ ಸಿಕ್ಕ ನಂಬರಿನ ಉತ್ತರವನ್ನಷ್ಟೇ ತಂದು ಅದನ್ನಷ್ಟೇ ಅಳಿಸುತ್ತಿತ್ತು. ಹಿಂದಿನವೆಲ್ಲ ಬೆಂಗಳೂರಿನಲ್ಲಿ ಒಂದರ ಹಿಂದೆ ಒಂದು ನಡೆದು, ಯಾರಿಗೂ ಬೇಡವಾದ ಉತ್ತರಗಳಾಗಿ ಬಿದ್ದಿರುತ್ತಿದ್ದವು. ಅವುಗಳ ಹಿಂದೆ ವೆಂಕಣ್ಣನ ಭತ್ತ ನಿಂತಿತ್ತು.

ಅವನು ಎದ್ದು ಶಂಕ್ರಪ್ಪನವರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. ಅವರು ಸಮಾಧಾನದಿಂದ ಕೇಳಿದರು.

“ಲೆಕ್ಕಾ ತಪ್ಪು ಬಂದಾವೇನು?”

“ಇಲ್ರಿ. ಲೆಕ್ಕಾ ಸರಿನೇ ಅವ. ಒಂದ ಲೆಕ್ಕಾ ಹತ್ತಾರು ಸಲಾ ಆಗೇದ್ರಿ.”

“ಹತ್ತಾರು ಸಲಾ ಮಾಡಿದ್ರೂ ಅದ ಉತ್ತರ ಬಂತಿಲ್ಲೋ? ಹಂಗಾರ ಅಗದಿ ಖಾತ್ರಿ ಆತು.”

“ಹಂಗಲ್ರಿ ಸಾಹೇಬ್ರ, ವೆಂಕಣ್ಣಗ ಅನ್ಯಾಯ ಆಗೇದ. ಈಗಿಂದೀಗ ಸರಿ ಮಾಡ್ತೀನಿ.”

ಶಂಕ್ರಪ್ಪನವರ ಮುಖ ಗಟ್ಟಿಯಾಯಿತು. “ಕಮಿಟಿ ಬಂದು ಹೋಗೂತನಾ ಒಂದು ಅಕ್ಷರ ಮುಟ್ಟಬ್ಯಾಡ. ಜೀಪು ಬಂದು ಬಾಗಲದಾಗ ನಿಂದರ್ಲಿ, ಆಮ್ಯಾಲೆ ಏನ್ ಬೇಕಾದ್ದು ಮಾಡ್ಕೊ.”

ಮುಟ್ಟಬೇಡ ಎಂದು ಮೇಲಿನವರೇ ಹೇಳಿದ ಕೆಲಸವನ್ನು ಮುಟ್ಟದೆ ಇರುವುದು ಪಂಢರಿನಾಥನಿಗೆ ಕಷ್ಟವಾಗಬೇಕಾಗಿರಲಿಲ್ಲ. ಆದರೆ ಅಂದು ಬೇವಿನ ಕೆಳಗೆ ಎಷ್ಟು ಹೊರಳಾಡಿದರೂ ಕಣ್ಣು ಹತ್ತಲಿಲ್ಲ. ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡ. ಮಥುರಾಬಾಯಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

“ಒಂದ ಚೀಲಾ ಜೋಳಾ ಹತ್ತ ಸಲಾ ಗಿರಣಿಗೆ ಹಾಕಿಸಿದ್ರ ಹಿಟ್ಟು ಹೆಚ್ಚಾಗ್ತದೇನ್ರಿ?” ಎಂದಳು.

“ಇಲ್ಲ.”

“ಹಿಂದ ನಿಂತವ್ರು ಬಯ್ಯೂದು ಹೆಚ್ಚಾಗ್ತದ. ಹೋಗಿ ವೆಂಕಣ್ಣಗ ಹೇಳಿ ಬರ್ರಿ. ಅವ ಬಯ್ಯಲಿ, ನೀವು ಬಯ್ಸಿಕೊಳ್ರಿ. ನಿಮಗ ಊಟಾ ರುಚಿ ಹತ್ತೂದು ಆವಾಗನ.”

ಅಣ್ಣಿಗೇರಿಯ ಅವನ ತಂಗಿಗೆ ಆಗಷ್ಟೇ ಗಂಡುಮಗುವಾಗಿತ್ತು. ಕಲಘಟಗಿಯಿಂದ ಬಣ್ಣದ ತೊಟ್ಟಿಲು ತರುವುದಿದೆ ಎಂದು ನೆಪ ಮಾಡಿಕೊಂಡು ರವಿವಾರ ಬಸ್ಸು ಹಿಡಿದ. ವೆಂಕಣ್ಣನ ಮನೆಯಲ್ಲಿ ವೆಂಕಣ್ಣ ಕಟ್ಟೆಯ ಮೇಲೆ ಕೂತಿದ್ದ, ಗಡ್ಡ ಬಿಟ್ಟಿದ್ದ. ಅವನ ಹೆಂಡತಿ ತುಳಸಾಬಾಯಿ ಅವಲಕ್ಕಿ ಕಲಸಿ ತಂದಿಟ್ಟಳು.

“ನೀವರೆ ಇವ್ರಿಗೆ ಸ್ವಲ್ಪ ಹೇಳ್ರಿ ಅಣ್ಣಾ,” ಎಂದಳು. “ನಾನೇ ಎಲ್ಲೋ ತಪ್ಪು ಮಾಡೀನಿ, ನಾನೇ ತಡಾ ಮಾಡೀನಿ ಅಂತ ಒಂದೇ ಸವನೆ ಕೊರಗಲಿಕ್ಹತ್ಯಾರ.”

ಪಂಢರಿನಾಥ ಬಾಯಿ ತೆರೆದ. ಅಷ್ಟರಲ್ಲಿ ವೆಂಕಣ್ಣ, “ನಿನ್ನ ಪ್ರೋಗ್ರಾಮು ಇಸಗೊಂಡಿದ್ರ ಬರೋಬ್ಬರಿ ಆಗ್ತಿತ್ತೋ ಪಂಢರಿ. ನಾ ಸೊಕ್ಕು ಮಾಡಿದೆ. ಕಾಯ್ಕೋತ ಕೂತು ಕೆಟ್ಟೆ” ಎಂದ.

ಈ ಮಾತಿನ ಮೇಲೆ ಖರೆ ಹೇಳುವುದು ಹೇಗೆಂದು ಪಂಢರಿನಾಥನಿಗೆ ತಿಳಿಯಲಿಲ್ಲ. ಬಾಯಿ ತೆರೆದದ್ದಕ್ಕೆ ಅವಲಕ್ಕಿ ತಿಂದ. ಹೇಳಲಿಕ್ಕೆ ಬಂದವನು ತೊಟ್ಟಿಲು ಹೊತ್ತುಕೊಂಡು ತಿರುಗಿ ಹೋದ. ಬಸ್ಸಿನಲ್ಲಿದ್ದವರೆಲ್ಲ ತೊಟ್ಟಿಲಿನ ಮೇಲಿನ ಗಿಳಿಯ ಚಿತ್ತಾರ ನೋಡಿ, ಗಂಡೋ ಹೆಣ್ಣೋ ಎಂದು ಅಕ್ಕರೆಯಿಂದ ಕೇಳಿದರು.

ಕಮಿಟಿ ಬಂತು. ಮೂವರು ಸಾಹೇಬರು, ಹಿರಿಯರು ಬೆಂಗಳೂರಿನವರು. ಶಂಕ್ರಪ್ಪನವರು ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಮಾಡಿಸಿದ್ದರು. ಊಟವಾದ ಮೇಲೆ ಹಿರಿಯ ಸಾಹೇಬರು ಕಂಪ್ಯೂಟರ್ ಕೋಣೆಗೆ ಬಂದು ಸುತ್ತಲೂ ನೋಡಿದರು.

“ಉಳಿದ ಸಿಬ್ಬಂದಿ ಎಲ್ಲಿ?”

“ಯಾರೂ ಇಲ್ರಿ ಸರ್. ನಾ ಒಬ್ಬನೇ.”

“ಇಷ್ಟೊಂದು ಕೆಲಸ ನೀವೊಬ್ಬರೇ ಮಾಡಿದ್ರಾ?”

“ನಾ ಮಾಡಿಲ್ರಿ ಸರ್. ಪ್ರೋಗ್ರಾಮು ಮಾಡೇದ. ಅದೂ ತಪ್ಪು ಮಾಡೇದ. ಒಂದೇ ಜಾಬು ಮತ್ತ ಮತ್ತ ಕೊಟ್ಟದ. ನಾ ಆವಾಗ ಹೊರಗ ಗಿಡದ ಕೆಳಗ ಮಲಗಿದ್ದೆ.”

ಶಂಕ್ರಪ್ಪನವರು ಜೀಪು ಹೋಯಿತೆಂದು ಕಣ್ಣು ಮುಚ್ಚಿದರು. ಹಿರಿಯ ಸಾಹೇಬರು ಪಂಢರಿನಾಥನ ಹೆಗಲ ಮೇಲೆ ಕೈಯಿಟ್ಟರು.

“ನೋಡಿ ಶಂಕ್ರಪ್ಪನವರೇ, ಈ ಕಾಲದಲ್ಲೂ ಇಂಥವರಿದ್ದಾರೆ. ರಾಜ್ಯಕ್ಕೆಲ್ಲ ಹೆಚ್ಚು ಕೆಲಸ ಮಾಡಿ, ಗಿಡದ ಕೆಳಗೆ ಮಲಗಿದ್ದೆ ಅಂತಾರೆ! ವಿನಯ ಅಂದ್ರೆ ಇದು.”

“ವಿನಯ ಅಲ್ರಿ ಸರ್, ಖರೇನ ಮಲಗಿದ್ದೆ.”

“ಸುಸ್ತಾಗಿರುತ್ತೆ ಪಾಪ,” ಎಂದರು ಎರಡನೆಯ ಸಾಹೇಬರು.

ತಿಂಗಳೊಳಗೆ ಜೀಪು ಬಂತು. ಪಂಢರಿನಾಥನಿಗೆ ಬಡ್ತಿ ಬಂತು. ಒಬ್ಬನೇ ಮನುಷ್ಯ ಇಷ್ಟು ಹೊರೆ ಹೊರಬಾರದೆಂದು ಅವನ ಕೈಕೆಳಗೆ ಇಬ್ಬರನ್ನು ಕೊಟ್ಟರು. ಒಬ್ಬ ಗಂಗಪ್ಪನೆಂಬ ಹೊಸ ಟೈಪಿಸ್ಟು. ಇನ್ನೊಬ್ಬನನ್ನು, ಕೆಲಸ ಕಡಿಮೆ ಮಾಡುವ ಫಾರ್ಮಿನಿಂದ ಎತ್ತಿ, ದುಡಿಮೆ ಎಂದರೇನೆಂದು ಕಲಿಯಲಿ ಎಂದು ಸಂಶಿಗೆ ವರ್ಗ ಮಾಡಿದ್ದರು. ವೆಂಕಣ್ಣ ಟ್ರಂಕು ಹಿಡಿದು ಬಂದಿಳಿದ.

ಬಾಗಿಲು ತೆಗೆಯುವುದಕ್ಕೆ ಮೊದಲೇ ಹೊರಗೆ ನಿಂತಿದ್ದ ಅವನನ್ನು ಕಂಡು ಪಂಢರಿನಾಥನಿಗೆ ಇನ್ನು ತಡೆಯಲು ಆಗಲಿಲ್ಲ. ಕೈಹಿಡಿದು ಒಳಗೆ ಕರೆದೊಯ್ದು, ಕೂಡಿಸಿ, ಪರದೆಯ ಮೇಲೆ ಆ ಹರಿಯುವ ಸಾಲುಗಳನ್ನೇ ತೋರಿಸಿದ. ಯಾವುದರ ಹಿಂದೆ ಅವನ ಭತ್ತ ನಿಂತಿತ್ತು ಎಂದು ಬೆರಳಿಟ್ಟು ತೋರಿಸಿದ. ವೆಂಕಣ್ಣ ಬೈಯುತ್ತಾನೆಂದು ಕಾದ. ಬೈದಿದ್ದರೆ ಎಷ್ಟೋ ಪಾಡಿತ್ತು.

“ಅವಲಕ್ಕಿ ತಿಂದು ಹೋದ್ಯಲ್ಲೋ,” ಎಂದಷ್ಟೇ ಅಂದ ವೆಂಕಣ್ಣ.

ಆಮೇಲೆ ಮಳೆಗಾಲ ಬರುವ ತನಕ ಅವರ ನಡುವೆ ಕಚೇರಿಯ ಮಾತು ಬಿಟ್ಟು ಮಾತಿರಲಿಲ್ಲ. ಅದೂ ‘ಸಾರ್’ ಎಂದು. ಎದುರಿಗೆ ಕೂತ ಗೆಳೆಯ ದಿನಕ್ಕೆ ಅಷ್ಟು ಸಲ ಸಾರ್ ಎನ್ನುವುದನ್ನು ಕೇಳುವುದು ಎಂಥ ಶಿಕ್ಷೆಯೆಂದು ಪಂಢರಿನಾಥನಿಗೆ ತಿಳಿದುಬಂತು. ಬೇವಿನ ಗಿಡದ ಕಡೆ ಅವನು ಹೋಗಲೇ ಇಲ್ಲ. ಮೇಲಧಿಕಾರಿ ಮಲಗಿದರೆ ಕೈಕೆಳಗಿನವರು ಏನು ತಿಳಿದಾರು?

ಮೇಸ್ತ್ರಿಯನ್ನು ಸರಿ ಮಾಡಿದ್ದು ಇಬ್ಬರೂ ಸೇರಿ. ಜೀಪು ಬಂದಿತ್ತಾದ್ದರಿಂದ ಶಂಕ್ರಪ್ಪನವರು ತಡೆಯಲಿಲ್ಲ. ಕೆಲಸದ ಯೋಚನೆ ವೆಂಕಣ್ಣನದು: ಪ್ರತಿ ಜಾಬಿಗೂ ನಾವೇ ಒಂದು ಹೆಸರು ಕೊಟ್ಟು ಕಳಿಸೋಣ, ತಂತಿ ಕಡಿದು ಜೋಡಿಸಿದ ಮೇಲೆ, ಈ ಹೆಸರಿನವನು ಪಾಳಿಯಲ್ಲಿ ಆಗಲೇ ನಿಂತಿದ್ದಾನೋ ಎಂದು ಮೊದಲು ಕೇಳೋಣ, ಇಲ್ಲವೆಂದರೆ ಮಾತ್ರ ಮತ್ತೆ ಕೊಡೋಣ. ಬರೆದವನು ಪಂಢರಿನಾಥ. ಗಾಳಿ ಬೀಸಿ ತಂತಿ ಕಡಿದ ಒಂದು ಮಧ್ಯಾಹ್ನ ಮೇಸ್ತ್ರಿ ಮತ್ತೆ ಜೋಡಿಸಿಕೊಂಡು, ಕೇಳಿ, ಇದೆ ಎಂದು ತಿಳಿದು, ಸುಮ್ಮನೆ ಕಾಯುತ್ತ ಕೂತದ್ದನ್ನು ಇಬ್ಬರೂ ಪರದೆಯಲ್ಲಿ ನೋಡಿದರು.

“ಕಾಯಾಕ ಕಲೀತು ನೋಡಲೇ,” ಎಂದ ವೆಂಕಣ್ಣ. ಸಾರ್ ಬಿಟ್ಟುಹೋಗಿತ್ತು. ಆ ದಿನ ಮಥುರಾಬಾಯಿಯ ಬುತ್ತಿಯನ್ನು ಇಬ್ಬರೂ ಹಂಚಿ ಉಂಡರು.

ಮೇಸ್ತ್ರಿ ಸರಿಯಾದದ್ದರ ಫಲ ಬೇಗ ಕಂಡಿತು. ಎಲ್ಲ ಫಾರ್ಮುಗಳ ಲೆಕ್ಕಗಳೂ ಅಂದಿನದು ಅಂದೇ ಮುಗಿಯತೊಡಗಿದವು. ಬೆಂಗಳೂರಿನ ಪಾಳಿ ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಇದನ್ನು ಕಂಡು ಸಂತೋಷಪಡಬೇಕಾದವರು ಗಾಬರಿಯಾದರು. ಯಂತ್ರ ಸಾಲುತ್ತಿಲ್ಲ, ಇದಕ್ಕಿಂತ ದೊಡ್ಡದು ಬೇಕೆಂದು ಅವರು ಮೇಲೆ ಬರೆದುಕೊಂಡಿದ್ದರಂತೆ. ಈಗ ಇದ್ದದ್ದೇ ಅರ್ಧ ಹೊತ್ತು ಸುಮ್ಮನೆ ಕೂತಿರುತ್ತಿತ್ತು. ಹಿರಿಯ ಸಾಹೇಬರೇ ಫೋನು ಮಾಡಿದರು.

“ಏನ್ರೀ ಪಂಢರಿನಾಥ, ಹುಷಾರಿಲ್ವಾ? ಕೆಲಸ ಯಾಕೋ ಇಳಿದುಬಿಟ್ಟಿದೆ. ಇಬ್ಬರನ್ನ ಬೇರೆ ಕೊಟ್ಟಿದ್ದೀವಿ.”

“ಈಗ ಆಗೂದ ಖರೇ ಕೆಲಸಾ ನೋಡ್ರಿ ಸರ್. ಮೊದಲಿಂದು...”

“ಅದೆಲ್ಲ ಇರಲಿ. ಏನಾದರೂ ಕಳಿಸಿ. ಏನಿದ್ರೂ ಕಳಿಸಿ.”

ಹಳೆಯ ಮೇಸ್ತ್ರಿಯನ್ನೇ ಮತ್ತೆ ಹಚ್ಚು ಎಂದರು ಶಂಕ್ರಪ್ಪನವರು. ವೆಂಕಣ್ಣ ಸಾಧ್ಯವಿಲ್ಲವೆಂದ. ಫಾರ್ಮಿನ ಅಟ್ಟದ ಮೇಲೆ ಬ್ರಿಟಿಷರ ಕಾಲದಿಂದ ಮಳೆ-ಬೆಳೆಗಳ ಅಂಕಿ ಗಂಟು ಕಟ್ಟಿ ಬಿದ್ದಿವೆ, ಕಳಿಸುವುದಾದರೆ ಅವನ್ನು ಕಳಿಸೋಣ ಎಂದ. ಗಂಟುಗಳನ್ನು ಇಳಿಸಿ ಧೂಳು ಝಾಡಿಸಿದರು. ಒಂದೊಂದು ಅಂಕಿಯನ್ನೂ ಓದಿ, ತಾಳೆ ನೋಡಿ, ಕುಟ್ಟಬೇಕು. ಗಂಗಪ್ಪ ಕುಟ್ಟಿದ, ವೆಂಕಣ್ಣ ಓದಿದ. ಮೇಲಧಿಕಾರಿಯಾದ ತಪ್ಪಿಗೆ ಪಂಢರಿನಾಥ ಇಬ್ಬರದೂ ತಾಳೆ ನೋಡಿದ. ಒಂದು ದಿನದ ಕೆಲಸ ತಪ್ಪಿಸಿಕೊಳ್ಳಲು ಹೊರಟವನು ವರ್ಷಕ್ಕೂ ಮಿಕ್ಕಿ ಕತ್ತೆತ್ತದೆ ದುಡಿದ. ಅದಕ್ಕೆ ಯಾರೂ ಹೊಗಳಲಿಲ್ಲ. ಅದನ್ನೆಲ್ಲ ಕೂಡಿಸಿದರೂ ಜಾಬುಗಳ ಸಂಖ್ಯೆ ಹಿಂದಿನ ಮಟ್ಟ ಮುಟ್ಟಿರಲಿಲ್ಲ.

ಈ ನಡುವೆ ಕಲಘಟಗಿಯ ಭತ್ತ ಬಿಡುಗಡೆಯಾಯಿತು. ಅದರ ಕೀರ್ತಿ ವೆಂಕಣ್ಣನ ಜಾಗಕ್ಕೆ ಬಂದವನಿಗೆ ಹೋಯಿತು. ಸುದ್ದಿ ಬಂದ ದಿನ ವೆಂಕಣ್ಣ ಅಂಕಿಗಳನ್ನು ಇನ್ನೂ ಸಣ್ಣ ದನಿಯಲ್ಲಿ ಓದಿದ, ಅಷ್ಟೇ. ಪಂಢರಿನಾಥ ಅಂದೇ ಒಂದು ನಿರ್ಧಾರ ಮಾಡಿದ. ತನ್ನಿಂದ ಕೆಟ್ಟದ್ದನ್ನು ತಾನೇ ಸರಿ ಮಾಡಬೇಕೆಂದು, ವೆಂಕಣ್ಣನಿಗೆ ಹೇಳದೆ, ಅವನನ್ನು ಅವನ ಊರಿಗೆ ತಿರುಗಿ ಕಳಿಸಬೇಕೆಂದು ಮೇಲಿನವರಿಗೆ ಅರಿಕೆ ಮಾಡಿಕೊಂಡ. ಹುಬ್ಬಳ್ಳಿಗೆ ಎಷ್ಟೋ ಸಲ ಓಡಾಡಿದ. ಯಾರನ್ನೂ ಬೇಡದವನು ಬಾಗಿಲಲ್ಲಿ ನಿಂತು ಬೇಡಿದ.

ಎಂಬತ್ತೊಂಬತ್ತರ ದೀಪಾವಳಿ ಮುಂದಿರುವಾಗ ಆದೇಶ ಬಂತು. ಪಂಢರಿನಾಥ ಅದನ್ನು ಹಿಡಿದುಕೊಂಡು ಸಂಶಿಯಲ್ಲಿ ವೆಂಕಣ್ಣ ಬಾಡಿಗೆ ಹಿಡಿದಿದ್ದ ಮನೆಗೆ ಓಡುತ್ತ ಹೋದ. ವೆಂಕಣ್ಣ ಹಿತ್ತಲಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ. ಹಿಂದಿನ ವರ್ಷವಷ್ಟೇ ಕೊಂಡ ಎಮ್ಮೆ. ತುಳಸಾಬಾಯಿಗೆ ಊರ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಮನೆಯ ಮುಂದೆ ಅವಳು ಹಚ್ಚಿದ ಮಲ್ಲಿಗೆ ಚಪ್ಪರಕ್ಕೇರಿತ್ತು. ವೆಂಕಣ್ಣ ಕೈ ಒರೆಸಿಕೊಂಡು ಆದೇಶ ಓದಿದ.

“ಯಾರು ಹೇಳಿದ್ರು ನಿನಗ?”

“ನಿನಗ ಖುಷಿ ಆಗ್ತದಂತ...”

“ಒಂದು ಮಾತು ಕೇಳಬಾರ್ದೇನಲೇ? ಅಲ್ಲಿ ನನ್ನ ಭತ್ತನೂ ಇಲ್ಲ, ನನ್ನ ಹೆಸರೂ ಇಲ್ಲ. ಇಲ್ಲಿ ಈಗ ನೆಲಿ ನಿಂತಿತ್ತು.”

ಇಬ್ಬರೂ ಮರುದಿನವೇ ಹುಬ್ಬಳ್ಳಿಗೆ ಹೋದರು. ಅಲ್ಲಿನ ಕಾರಕೂನ, ವರ್ಗ ಮಾಡಿಸುವುದು ಕಷ್ಟ ನಿಜ, ಆದರೆ ಆದದ್ದನ್ನು ರದ್ದು ಮಾಡಿಸುವುದು ಅದಕ್ಕಿಂತ ಕಷ್ಟ ಎಂದು ವಿವರವಾಗಿ ತಿಳಿಸಿ ಹೇಳಿದ. ಪಂಢರಿನಾಥನನ್ನು ನೋಡಿ, “ನೀವೇ ಅಲ್ರಿ ಅಷ್ಟು ಅಂಗಲಾಚಿ ಮಾಡಿಸಿದವ್ರು?” ಎಂದೂ ಕೇಳಿದ.

ಎಮ್ಮೆಯನ್ನು ಮಲಿಕಾಬಿ ಕೊಂಡಳು. ತುಳಸಾಬಾಯಿ ಶಾಲೆಯ ವರ್ಷ ಮುಗಿಯುವ ತನಕ ಸಂಶಿಯಲ್ಲೇ ಉಳಿಯುವುದೆಂದಾಯಿತು. ವೆಂಕಣ್ಣ ಬಂದ ಹಾಗೆಯೇ ಒಂದು ಟ್ರಂಕು ಹಿಡಿದು ಹೊರಟ. ಪಂಢರಿನಾಥ ಅವನನ್ನು ಕಲಘಟಗಿಯ ತನಕ ಬಿಟ್ಟು ಬರುತ್ತೇನೆಂದು ಜೊತೆಗೆ ಹೋದ. ಬೇಡವೆಂದರೂ ಟ್ರಂಕನ್ನು ತಾನೇ ಬಸ್ಸಿನ ಮೇಲೆ ಏರಿಸಿ, ತಾನೇ ಇಳಿಸಿದ. ಬೀಗ ಹಾಕಿದ್ದ ಹಳೆಯ ಮನೆಯ ಬಾಗಿಲು ತೆಗೆದಾಗ ಒಳಗೆ ಇಲಿಗಳು ಓಡಾಡಿದವು. ಇಬ್ಬರೂ ಕಸ ಹೊಡೆದರು. ಪಂಢರಿನಾಥ ಹೊರಗೆ ಹೋಗಿ ಎಲ್ಲಿಂದಲೋ ಎರಡು ಕೊಡ ನೀರು ತಂದಿಟ್ಟ.

“ಬಸ್ಸು ತಪ್ತದ, ಹೋಗಿನ್ನ,” ಎಂದ ವೆಂಕಣ್ಣ.

“ಹೋಗ್ತೀನಿ.”

ಆದರೂ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತರು. ಎದುರಿನ ಗದ್ದೆಯಲ್ಲಿ ಭತ್ತ ತೆನೆ ತೂಗುತ್ತಿತ್ತು. ಅದು ಯಾವ ತಳಿಯೆಂದು ಪಂಢರಿನಾಥ ಕೇಳಲಿಲ್ಲ, ವೆಂಕಣ್ಣ ಹೇಳಲಿಲ್ಲ.